ಮುಸುವನ ಮರಿಯನ್ನು ಚಿಂಚೋಳಿಗೆ ಮುಟ್ಟಿಸಿದ್ದು

ಭಾನುವಾರ ಬೆಳಿಗ್ಗೆ ಏಳಕ್ಕೆ ಮಳಖೇಡದಲ್ಲಿ ಬಸ್ಸು ಹತ್ತಿದೆ. ಬುಟ್ಟಿಯಲ್ಲಿ ಹಳೇ ಸೀರೆ, ಅದರೊಳಗೆ ಮುಸುವನ ಮರಿ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಕಂಡಕ್ಟರ್ ಬುಟ್ಟಿಯೊಳಗೆ ಇಣುಕಿದ.

“ಆಯಿ, ಇದು ಗಂಡೋ ಹೆಣ್ಣೋ? ಗಂಡಿದ್ರ ರೊಕ್ಕಾ ಕೊಡಬೇಕ ನೋಡು.”

“ನೀನೇ ಎತ್ತಿ ನೋಡಕೋ. ಕಚ್ಚಿದ್ರ ನನಗ ಹೇಳಬ್ಯಾಡ.”

ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ನಮ್ಮ ಓಣಿಯ ಮಾಳಿಗೆಗಳ ಮೇಲೆ ಮುಸುವಗಳು ಒಣಹಾಕಿದ ಕಾಳು ಉಳಿಸುತ್ತಿರಲಿಲ್ಲ. ಕೋತಿ ಹಿಡಿಯುವವರನ್ನು ಕರೆಸಿದೆವು. ಎರಡು ದಿನ ಒಂದೂ ಬೋನಿನ ಹತ್ತಿರ ಸುಳಿಯಲಿಲ್ಲ. ನಾನು ಶನಿವಾರಕ್ಕೊಮ್ಮೆ ಹನುಮಪ್ಪನ ಹೆಸರಲ್ಲಿ ಅವಕ್ಕೆ ಶೇಂಗಾ ಹಾಕುವವಳು. ನನ್ನ ಕೈ ಅವಕ್ಕೆ ಗೊತ್ತಿತ್ತು. ನಿನ್ನೆ ಶನಿವಾರ. ಶೇಂಗಾ ಬೋನಿನೊಳಗೆ ಸುರಿದು ನಾನೇ ಕರೆದೆ. ಬಂದವು. ಕೊನೆಗೆ ಬಂದ ಹೆಣ್ಣಿನ ಎದೆಗೆ ಮರಿ ಇರಲಿಲ್ಲ. “ಮುಚ್ಚರಿ,” ಅಂದೆ. ಚಿಂಚೋಳಿ ಕಾಡಿಗೆ ಒಯ್ದು ಬಿಟ್ಟರು. ಸಂಜೆ ನೋಡಿದರೆ ನೀರಿನ ಟಾಕಿಯ ಹಿಂದೆ ಈ ಮರಿ ಚೀರುತ್ತಿತ್ತು.

ಸೇಡಂನಲ್ಲಿ ಬಸ್ಸು ಬದಲಿಸಿದೆ. ಆಗಲೇ ಬಿಸಿಲು ಏರಿತ್ತು. ಚಹಾ ಕುಡಿದು, ಹತ್ತಿಯಲ್ಲಿ ಹಾಲು ಅದ್ದಿ ಮರಿಯ ಬಾಯಿಗಿಟ್ಟೆ. ಕಾರಿಕೊಂಡಿತು. ಆಮೇಲೆ ಚೀರುವುದನ್ನೂ ಬಿಟ್ಟಿತು. ಚಿಂಚೋಳಿಯಿಂದ ಕಾಡಿನ ಅಂಚಿನವರೆಗೆ ಆಟೋ ಮಾಡಿದೆ.

ಕಾಡಿನ ಕಾವಲುಗಾರ ಮಹಬೂಬ್ ಮರಿಯನ್ನು ಅಂಗೈ ಮೇಲೆ ಹೊರಳಿಸಿ ನೋಡಿದ.

“ಮೈ ಕರಿ, ಮೋತಿ ಇನ್ನಾ ಕೆಂಪದ. ಹಾಲು ಬಿಡದ ಕೂಸು. ತಾಯಿ ಹ್ಯಾಂಗ ಬಿಟ್ಟು ಬಂತು?”

“ಅದರ ಎದಿಗಿ ಇರಲಿಲ್ಲಪ್ಪ.”

“ಇವು ಒಬ್ಬರ ಕೂಸು ಒಬ್ಬರು ಎತ್ತಾಡಸ್ತಾವ ಆಯಿ. ತಾಯಿ ತಿನ್ನಾಕ ಹೋದ್ರ ಇನ್ನೊಂದು ಹಿಡಕೊಂಡು ಕುಂದರ್ತದ. ಬೋನಿನ ಸಪ್ಪಳಕ್ಕ ಅಂಜಿ ಆ ಇನ್ನೊಂದು ಕೂಸು ಬಿಟ್ಟು ಓಡಿರಬೇಕು. ಯಾರು ಹಿಡಿಸಿದ್ರು ಇವನ್ನ?”

“ಓಣಿಯವ್ರು,” ಅಂದೆ.

ನನ್ನ ನಾಲ್ಕು ಮಕ್ಕಳೂ ಓಣಿಯವರ ಕಂಕುಳಲ್ಲೇ ಬೆಳೆದವು. ಮುಸುವಕ್ಕೂ ಹಾಗಿರಬಹುದೆಂದು ನನಗೆ ಹೊಳೆಯಲಿಲ್ಲ.

ನನ್ನನ್ನು ಕಲ್ಲಿನ ಹಿಂದೆ ಕೂಡಿಸಿ, ಮಹಬೂಬ್ ಮರಿಯನ್ನು ನಿನ್ನೆ ಬಿಟ್ಟ ಮುಸುವಗಳಿದ್ದ ಮರದ ಬುಡದಲ್ಲಿಟ್ಟು ನಾಲ್ಕು ಹೆಜ್ಜೆ ಸರಿದು ನಿಂತ. ಭಾಳ ಹೊತ್ತು ಏನೂ ಆಗಲಿಲ್ಲ. ಮರಿ ಒಮ್ಮೆ ಚೀರಿತು. ಒಂದು ಹೆಣ್ಣು ಸರಸರ ಇಳಿದು ಬಂದು, ಮೂಸಿ, ಎದೆಗೆ ಅವಚಿಕೊಂಡಿತು. ಮರಿ ಮೊಲೆ ಹಿಡಿಯಿತು.

“ಅದೇ ತಾಯಿ,” ಅಂದ. “ಛಲೋ ಕೆಲಸ ಮಾಡಿದ್ರಿ ಆಯಿ. ಇಷ್ಟು ದೂರ ಯಾರು ಬರ್ತಾರ?”

ನಾನು ಎದ್ದು ನಿಂತೆ. ನನ್ನನ್ನು ಕಂಡದ್ದೇ ತಡ, ಮರದಲ್ಲಿದ್ದವೆಲ್ಲ ತುದಿಗೆ ಏರಿದವು. ಅಷ್ಟು ಹೊತ್ತು ಬುಡದಲ್ಲೇ ನಿಂತಿದ್ದ ಅವನಿಗೆ ಒಂದೂ ಅಂಜಿರಲಿಲ್ಲ. ಅವನು ಮೇಲೆ ನೋಡಿದ, ನನ್ನನ್ನು ನೋಡಿದ.

“ಕರದು ಬೋನಿಗಿ ಹಾಕಿದಾಕಿ ನಾನೇ,” ಅಂದೆ.

ಅವನು ಖಾಲಿ ಬುಟ್ಟಿ ಎತ್ತಿ ನನ್ನ ಕೈಗೆ ಕೊಟ್ಟ.

“ಬಸ್ಸಿನ ಹೊತ್ತಾತು. ನಡೀರಿ.”