ಖಾಲಿ ಎಂದರೂ ನಂಬದ ಕಿರುಬೆರಳು

ಬೆಳಗಿನ ಐದು ಗಂಟೆ. ಶಸ್ತ್ರಾಗಾರದ ಕಬ್ಬಿಣದ ಕಿಟಕಿ ಕಿರ್ರೆಂದು ತೆರೆದುಕೊಳ್ಳುತ್ತದೆ. ಹೊರಗೆ ರಾತ್ರಿ ಪಾಳಿ ಮುಗಿಸಿ ಬಂದ ಪೊಲೀಸರ ಸಾಲು. ಆಕಳಿಕೆ, ಕೆಮ್ಮು, ಬೂಟಿನ ಸದ್ದು. ಒಳಗೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ಐವತ್ತೇಳರ ಹೆಂಗಸು. ಸಾಲಿನ ಮೊದಲನೆಯವನು ಮರಳು ತುಂಬಿದ ಡ್ರಮ್ಮಿನತ್ತ ನಳಿಕೆ ತಿರುಗಿಸಿ ಗುಂಡುಗಳನ್ನು ಹೊರತೆಗೆದು ಪಿಸ್ತೂಲು ಖಾಲಿ ಮಾಡುತ್ತಾನೆ, ಮೇಲಿನ ಜಾರುಕವಚವಾದ ಸ್ಲೈಡನ್ನು ಹಿಂದಕ್ಕೆಳೆದು ನಿಲ್ಲಿಸಿ ಕಿಟಕಿಯೊಳಗೆ ಕೊಡುತ್ತಾನೆ. "ಖಾಲಿ" ಎನ್ನುತ್ತಾನೆ. ಈಕೆ ಅವನ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಟಾರ್ಚ್ ಹಿಡಿದು ನೋಡುತ್ತಾರೆ. ಆಮೇಲೆ ಗುಂಡು ಕೂರುವ ಗೂಡಿನೊಳಗೆ ಕಿರುಬೆರಳು ತೂರಿಸಿ ಒಂದು ಸುತ್ತು ತಿರುಗಿಸುತ್ತಾರೆ. ಬೆರಳಿಗೆ ಬರೀ ಎಣ್ಣೆ ಹತ್ತಿದರೆ, "ಹ್ಞೂಂ, ಮುಂದೆ."

ಇಲಾಖೆಯಲ್ಲಿ ಇವರನ್ನು ಕರೆಯುವುದೇ ಕಿರುಬೆರಳಮ್ಮ ಎಂದು. ಎದುರಿಗಲ್ಲ, ಬೆನ್ನ ಹಿಂದೆ. "ನಂಗೆ ಗೊತ್ತಿಲ್ಲ ಅಂದ್ಕೊಂಡಿದಾರೆ ಪಾಪ" ಎಂದು ನಗುತ್ತಾರೆ. ಈ ಕಿಟಕಿಯಲ್ಲಿ ಅರವತ್ತೆರಡು ಪಿಸ್ತೂಲು. ದಿನಕ್ಕೊಮ್ಮೆ ಹೊರಗೆ, ದಿನಕ್ಕೊಮ್ಮೆ ಒಳಗೆ. ಅಂದರೆ ನೂರಿಪ್ಪತ್ತನಾಲ್ಕು ಸಲ ಬೆರಳು ಒಳಗೆ ಹೋಗಿ ಬರಬೇಕು. ಹತ್ತೊಂಬತ್ತು ವರ್ಷದಿಂದ ಹೋಗಿ ಬರುತ್ತಿದೆ. ಉಗುರಿನ ಸಂದಿಗೆ ಇಳಿದ ಕಪ್ಪು ಯಾವ ಸೋಪಿಗೂ ಜಗ್ಗುವುದಿಲ್ಲ.

ಈಗ ಆ ಬೆರಳಿಗೇ ಸಂಚಕಾರ ಬಂದಿದೆ. ಮುಂದಿನ ತಿಂಗಳು ಹಳೆಯ ಪಿಸ್ತೂಲುಗಳೆಲ್ಲ ಹೋಗಿ ಹೊಸವು ಬರಲಿವೆ. ಅವರವರ ಪಿಸ್ತೂಲು ಅವರವರ ಲಾಕರಿನಲ್ಲಿ, ಕಿಟಕಿ ಬಂದ್, ತಪಾಸಣೆಯೂ ಬಂದ್ ಎಂದು ಮೇಲಿನಿಂದ ಸುತ್ತೋಲೆ ಬಂದಿದೆ. ಪಿಸ್ತೂಲು ಯಾವುದಾದರೂ ಇರಲಿ, ಕಿಟಕಿ ಉಳಿಯಲಿ ಎಂದು ಈಕೆ ಅರ್ಜಿ ಕೊಟ್ಟಿದ್ದಾರೆ. ಶುಕ್ರವಾರದ ಸಭೆಯಲ್ಲಿ ತೀರ್ಮಾನ.

ಹೋಗಲಿರುವ ಹಳೆಯದು ಸಾಮಾನ್ಯದ್ದಲ್ಲ. ನೂರು ವರ್ಷಕ್ಕೂ ಹಿಂದೆ, ಬಂದೂಕು ಮಾಡುವವನ ಮಗನೊಬ್ಬ ರೂಪಿಸಿದ ಮಾದರಿ. ಒಪ್ಪಿಕೊಳ್ಳುವ ಮೊದಲು ಸೈನ್ಯದವರು ಎರಡು ದಿನ ಬಿಡದೆ ಆರು ಸಾವಿರ ಗುಂಡು ಹಾರಿಸಿ ನೋಡಿದರಂತೆ. ಕಾದು ಕೆಂಡವಾದಾಗ ನೀರಿಗೆ ಅದ್ದಿ ಮತ್ತೆ ಹಾರಿಸಿದರು. ಅದು ಒಮ್ಮೆಯೂ ಮೊಂಡು ಹಿಡಿಯಲಿಲ್ಲ. ಹಾರಿದ ಗುಂಡಿನ ಒದೆತವೇ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ತೋಟಾ ಹೊರಕ್ಕೆ ಚಿಮ್ಮುತ್ತದೆ, ಹಿಡಿಯೊಳಗಿನ ಮ್ಯಾಗಜೀನಿನಿಂದ ಮುಂದಿನ ಗುಂಡು ಮೇಲೆ ಬಂದು ಗೂಡಿನಲ್ಲಿ ಕೂರುತ್ತದೆ. ಕುದುರೆ, ಅಂದರೆ ಟ್ರಿಗರ್, ಒಮ್ಮೆ ಎಳೆದರೆ ಒಂದೇ ಗುಂಡು, ಆದರೆ ಮುಂದಿನದು ಆಗಲೇ ಸಿದ್ಧ.

"ಅದರ ಜಾಣತನಾನೂ ಅದೇ, ಅಪಾಯಾನೂ ಅದೇ" ಎನ್ನುವ ಕಿರುಬೆರಳಮ್ಮ ಮದ್ದಿಲ್ಲದ ತಾಲೀಮು ಗುಂಡು ತುಂಬಿ ಪಿಸ್ತೂಲನ್ನು, ಅವರ ಬಗ್ಗೆ ಬರೆಯಲೆಂದು ಬಂದ ನನ್ನ ಕೈಗೆ ಕೊಡುತ್ತಾರೆ. "ಖಾಲಿ ಮಾಡಿ ನೋಡೋಣ."

ಇದರಲ್ಲೇನು ಬ್ರಹ್ಮವಿದ್ಯೆ ಎಂದುಕೊಂಡು ನಾನು ಸ್ಲೈಡ್ ಎಳೆಯುತ್ತೇನೆ. ಒಂದು ಗುಂಡು ಟಣ್ಣನೆ ಮೇಜಿನ ಮೇಲೆ ಬೀಳುತ್ತದೆ. ಮ್ಯಾಗಜೀನ್ ಕಳಚಿ ಪಕ್ಕಕ್ಕಿಡುತ್ತೇನೆ. "ಖಾಲಿ" ಎಂದು ಬೀಗುತ್ತೇನೆ. ಆಕೆ ಸ್ಲೈಡನ್ನು ಹಿಂದಕ್ಕೆಳೆಯುತ್ತಾರೆ. ಇನ್ನೊಂದು ಗುಂಡು ಹೊರಬೀಳುತ್ತದೆ. ನನ್ನ ಮುಖ ನೋಡಬೇಕಿತ್ತು.

"ನೀವು ಸ್ಲೈಡ್ ಎಳೆದ್ರಲ್ಲ, ಆಗ್ಲೇ ಕೆಳಗಿಂದ ಎರಡನೇದು ಬಂದು ಕೂತ್ಕೊಳ್ತು. ಆಮೇಲೆ ಮ್ಯಾಗಜೀನ್ ತೆಗೆದ್ರಿ. ಇದು ಮ್ಯಾಗಜೀನ್ ಇಲ್ದೇನೂ ಹಾರುತ್ತೆ. ಮೊದಲು ಮ್ಯಾಗಜೀನ್ ತೆಗೀಬೇಕು, ಆಮೇಲೆ ಸ್ಲೈಡ್, ಆಮೇಲೆ ಕಣ್ಣು, ಆಮೇಲೆ ಬೆರಳು. ನಿದ್ದೆಗಣ್ಣಲ್ಲಿ ಕಣ್ಣಿಗೆ ಕಾಣೋದು ನಮಗೆ ಬೇಕಾಗಿದ್ದೇ. ಅದಕ್ಕೇ ಬೆರಳು."

ಅವರ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇದೇ ಕಿಟಕಿಯೊಳಗೆ ಕೂರುತ್ತಿದ್ದವರು ಅವರ ಗಂಡ. ಒಂದು ಬೆಳಿಗ್ಗೆ ಮೂವತ್ತಾರು ಗಂಟೆ ನಿದ್ದೆಯಿಲ್ಲದೆ ದುಡಿದು ಬಂದ ಜೀಪಿನ ಡ್ರೈವರ್ ಪಿಸ್ತೂಲು ಒಪ್ಪಿಸಲು ನಿಂತರು. ಗಂಡನ ಜೀವದ ಗೆಳೆಯ, ಮನೆಗೆ ಬಂದರೆ ಊಟ ಮಾಡದೆ ಹೋದವರಲ್ಲ. ಅವರು ಮಾಡಿದ್ದೂ ನಾನು ಮಾಡಿದ್ದೇ, ಅದೇ ಕ್ರಮದಲ್ಲಿ. ಬಿದ್ದ ಗುಂಡನ್ನು ಇಬ್ಬರೂ ನೋಡಿದರು, ಇಬ್ಬರೂ ಖಾಲಿ ಎಂದುಕೊಂಡರು. ಪಿಸ್ತೂಲಿನ ಹಿಂಬದಿಯಲ್ಲಿ ಎದ್ದು ನಿಂತಿದ್ದ ಸುತ್ತಿಗೆಯನ್ನು ಇಳಿಸಲೆಂದು ಡ್ರೈವರ್ ಕುದುರೆ ಎಳೆದರು. ಆಗ ಮರಳಿನ ಡ್ರಮ್ ಇರಲಿಲ್ಲ. ನಳಿಕೆ ಕಿಟಕಿಯ ಕಡೆಗಿತ್ತು.

ಗಂಡ ಹೋದ ಮೇಲೆ ಇಲಾಖೆ ಅನುಕಂಪದ ಆಧಾರದಲ್ಲಿ ಈಕೆಗೆ ಕಚೇರಿಯ ಟೈಪಿಂಗ್ ಕೆಲಸ ಕೊಡಲು ಮುಂದಾಯಿತು. ಬೇಡ, ಆ ಕಿಟಕಿಯನ್ನೇ ಕೊಡಿ ಎಂದರು. ಮನೆಯಲ್ಲಿ ಅತ್ತೆ ಮೂರು ದಿನ ಮಾತು ಬಿಟ್ಟರಂತೆ. ಎಂಬತ್ತು ದಾಟಿದ ಆ ಅತ್ತೆ ಈಗಲೂ ಗಟ್ಟಿಯಾಗಿದ್ದಾರೆ. "ಗ್ಯಾಸ್ ಆಫ್ ಮಾಡಿದೀನಿ ಅಂದ್ರೂ ನಂಬಲ್ಲ ಇವಳು, ತಿರುಪು ಮುಟ್ಟಿ ನೋಡ್ತಾಳೆ" ಎಂದು ನನ್ನ ಹತ್ತಿರ ದೂರುತ್ತಾರೆ. ಮತ್ತೆ ತಾವೇ, "ಅವತ್ತು ಇವಳು ಅಲ್ಲಿದ್ದಿದ್ರೆ ನನ್ನ ಮಗ ಇರ್ತಿದ್ದ" ಎನ್ನುತ್ತಾರೆ.

ಡ್ರೈವರ್ ಒಂದು ವರ್ಷ ಅಮಾನತಿನಲ್ಲಿದ್ದು ಮರಳಿ ಬಂದರು. ಅಂದಿನಿಂದ ಇಂದಿನವರೆಗೆ ಪಿಸ್ತೂಲು ಪಡೆಯುವುದು ಈಕೆಯ ಕೈಯಿಂದ, ಒಪ್ಪಿಸುವುದು ಈಕೆಯ ಕೈಗೆ. ಪಿಸ್ತೂಲಿನ ಸಂಖ್ಯೆ ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತಿಲ್ಲ. ಕೋಪವೇ ಎಂದು ಕೇಳಿದರೆ ಈಕೆ ಚಿಂದಿಬಟ್ಟೆಯಿಂದ ಸ್ಲೈಡ್ ಒರೆಸುತ್ತಾರೆ. "ಮೊದಮೊದಲು ಇತ್ತು. ದಿನಾ ಎರಡು ಸಲ ಅವರು ನನ್ನ ಬೆರಳನ್ನೇ ಕಾಯ್ತಾ ನಿಲ್ಲೋದು ನೋಡಿ ನೋಡಿ ಕೋಪ ಎಲ್ಲಿ ಉಳಿಯುತ್ತೆ?"

ಶುಕ್ರವಾರದ ಸಭೆಯಲ್ಲಿ ನನಗೂ ಹಿಂದಿನ ಬೆಂಚಿನಲ್ಲಿ ಜಾಗ ಸಿಗುತ್ತದೆ. ಮೇಲಧಿಕಾರಿ ಸಣ್ಣ ವಯಸ್ಸಿನವರು, ಮಾತು ಮೃದು. "ಹೊಸದರಲ್ಲಿ ಗುಂಡು ಒಳಗಿದ್ದರೆ ಗುರುತು ಮೇಲೆದ್ದು ಕಾಣುತ್ತಮ್ಮಾ. ಬೆರಳು ಯಾಕೆ?"

"ಕಾಣುತ್ತೆ ಸಾರ್. ನಿದ್ದೆಗೆಟ್ಟವನು ನೋಡಬೇಕಲ್ಲ."

ಯಾರೋ ಕಿಸಕ್ಕನೆ ನಗುತ್ತಾರೆ. ಅಧಿಕಾರಿ ಅರ್ಜಿಯನ್ನು ಕಡತದೊಳಗೆ ಸೇರಿಸುತ್ತಿದ್ದಾಗ ಗೋಡೆ ಬದಿಯಿಂದ ನರೆತ ತಲೆಯೊಂದು ಮೇಲೇಳುತ್ತದೆ. ಡ್ರೈವರ್. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ.

"ಸಾರ್, ಇಲ್ಲಿರೋ ಹುಡುಗರಿಗೆ ಗೊತ್ತಿಲ್ಲ. ಇವರ ಯಜಮಾನರು ಹೋಗಿದ್ದು ನನ್ನ ಕೈಯಿಂದ. ಮೊದಲು ಮ್ಯಾಗಜೀನ್ ತೆಗೀಬೇಕಿತ್ತು, ನಾನು ಸ್ಲೈಡ್ ಎಳೆದೆ. ಕಲಿಸಿದ್ರು, ಬರ್ತಿತ್ತು, ಆದರೂ ತಪ್ಪಿದೆ. ಆಮೇಲಿಂದ ನಾನೂ ನನ್ನನ್ನ ನಂಬಿಲ್ಲ ಸಾರ್. ಇವರ ಬೆರಳು ಆಚೆ ಬಂದ ಮೇಲೇ ಉಸಿರು ಬಿಡೋದು. ಕಿಟಕಿ ಮುಚ್ಚಬೇಡಿ."

ಈಗ ಯಾರೂ ನಗುವುದಿಲ್ಲ. ಅಧಿಕಾರಿ ಅರ್ಜಿಯನ್ನು ಮತ್ತೆ ಹೊರತೆಗೆದು, ನಿಧಾನವಾಗಿ ಓದಿ, ಅಂಚಿನಲ್ಲಿ ಬರೆಯುತ್ತಾರೆ: ಕಿಟಕಿ ತಪಾಸಣೆ ಈಗಿರುವಂತೆಯೇ ಮುಂದುವರಿಯತಕ್ಕದ್ದು.

ಮರುದಿನ ಬೆಳಿಗ್ಗೆ ಸಾಲು ಎಂದಿನಂತೆ ಸಾಗುತ್ತದೆ. ಡ್ರೈವರ್ ಎಲ್ಲರಿಗಿಂತ ಮೊದಲೇ ಬಂದಿದ್ದಾರೆ, ಆದರೆ ಗೋಡೆಗೊರಗಿ ನಿಂತು ಒಬ್ಬೊಬ್ಬರನ್ನೇ ಮುಂದೆ ಬಿಡುತ್ತಿದ್ದಾರೆ. ಕೊನೆಗೆ ಅವರೊಬ್ಬರೇ ಉಳಿಯುತ್ತಾರೆ. ಸಂಖ್ಯೆ ಹೇಳಿ ಒಪ್ಪಿಸಿ ಹೊರಡುತ್ತಾರೆ. ಕಿರುಬೆರಳಮ್ಮ ಬೆರಳು ಒರೆಸಿಕೊಳ್ಳುತ್ತ ಅವರು ಹೋದ ದಿಕ್ಕನ್ನೇ ನೋಡುತ್ತಾರೆ. ಅರ್ಜಿ ಗೆದ್ದಿತಲ್ಲ, ಇನ್ನೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

"ಅವರು ಮುಂದಿನ ತಿಂಗಳು ರಿಟೈರ್ ಆಗ್ತಾರೆ. ಹದಿನೆಂಟು ವರ್ಷದಿಂದ ಹೀಗೇ, ಎಷ್ಟು ಬೇಗ ಬಂದ್ರೂ ಕೊನೆಗೇ ನಿಲ್ತಾರೆ. ಹಿಂದೆ ಯಾರೂ ಇರಬಾರದು, ನನ್ನ ಬೆರಳಿಗೆ ಅವಸರ ಆಗಬಾರದು ಅಂತ. ಒಂದು ದಿನ, ಒಂದೇ ಒಂದು ದಿನ, ಎಲ್ಲರ ಜೊತೆ ನಡುವೆ ನಿಂತು ಬರಲಿ. ಆಗಲೂ ನಾನು ಸರಿಯಾಗೇ ನೋಡ್ತೀನಿ."