ಉದುರಿಹೋದ ಎಚ್ಚರಿಕೆ

ನಮ್ಮ ಆಫೀಸಿನಲ್ಲಿ ಅವಳಿಗೆ ಸಿಡುಕಿ ಎಂದೇ ಹೆಸರು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನಿಜ. ಆದರೆ ಹಾಗೆ ಕರೆಯುವ ಮಹಾಶಯರು ಬರೆಯುವ ಕೋಡ್ ನೋಡಿದರೆ ಎಂಥ ಸಾಧುವಿಗೂ ಮೈ ಉರಿದೀತು. ಪಕ್ಕದ ಕುರ್ಚಿಯವಳು ನಾನು, ನನಗೆ ಗೊತ್ತು.

ಆಸ್ಪತ್ರೆಗಳಿಗೆ ಔಷಧದ ಚೀಟಿ ಮುದ್ರಿಸುವ ಪ್ರೋಗ್ರಾಂ ನಮ್ಮದು. ಅದರ ಪೇರೆಂಟ್ ಕ್ಲಾಸ್, ಅಂದರೆ ಉಳಿದ ಭಾಗಗಳಿಗೆಲ್ಲ ಆಧಾರವಾದ ಮೂಲ ಕೋಡ್, ಬರೆದವಳು ಸಿಡುಕಿಯೇ. ರೋಗಿ, ಔಷಧ, ಪ್ರಮಾಣ ಇಷ್ಟು ಖಾಯಂ. ಅವುಗಳ ನಂತರ, ಇಂಥ ಔಷಧ ಒಗ್ಗದು ಎಂಬಂಥ ಎಚ್ಚರಿಕೆಗಳು ಒಂದಿರಲಿ, ಹತ್ತಿರಲಿ, ಎಲ್ಲವೂ ಅಚ್ಚಾಗಬೇಕು. ಮಕ್ಕಳ ವಾರ್ಡಿಗೆಂದು ಅದರಿಂದ ಇನ್ನೊಂದು ಕ್ಲಾಸ್ ಹುಟ್ಟಿಸಿದವರು ಮ್ಯಾನೇಜರ್ ಸಾಹೇಬರು. ಅದರಲ್ಲಿ ಚೀಟಿ ಅಚ್ಚು ಹಾಕಲು ಅವರು ಬರೆದ ಮೆಥಡ್ ಟೈಪ್ ಮಾಡಿದ್ದನ್ನೆಲ್ಲ ಒಳಗೆ ತೆಗೆದುಕೊಂಡು, ಪೇರೆಂಟ್ ಮೆಥಡ್ಡನ್ನು ಕರೆಯುವಾಗ ಮೊದಲಿನ ಮೂರನ್ನು ಮಾತ್ರ ದಾಟಿಸುತ್ತಿತ್ತು. ಮಿಕ್ಕವು ನಡುದಾರಿಯಲ್ಲೇ ಉದುರುತ್ತಿದ್ದವು. ಎಚ್ಚರಿಕೆ ಬೇಡದ ಚೀಟಿಗಳೂ ಇರುತ್ತವಲ್ಲ, ಹಾಗಾಗಿ ಪೇರೆಂಟ್ ತಕರಾರು ಮಾಡಲಿಲ್ಲ.

ಒಂದು ಮಗುವಿಗೆ ಒಗ್ಗದ ಔಷಧ ಹೋಯಿತು. ಮೈಯೆಲ್ಲ ಊದಿ, ಉಸಿರು ಸಿಕ್ಕಿಕೊಂಡು, ಹೇಗೋ ಬದುಕಿತು. ಒಗ್ಗುವುದಿಲ್ಲವೆಂದು ನರ್ಸ್ ಟೈಪ್ ಮಾಡಿದ್ದಳು, ಚೀಟಿಯಲ್ಲಿ ಬರಲಿಲ್ಲ. ಆಸ್ಪತ್ರೆಯವರು ಅವಳನ್ನೇ ಕೆಲಸದಿಂದ ದೂರ ಇಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಸೋಮವಾರ ಸಿಡುಕಿ ತಪ್ಪು ಹಿಡಿದಳು. ಮ್ಯಾನೇಜರ್ ಮುಖ ಬಿಳುಚಿತು.

"ನಾಲ್ಕನೇದೊಂದು ಸೇರಿಸಿಬಿಡಮ್ಮ. ಒಂದು ಎಚ್ಚರಿಕೆ ಪೇರೆಂಟ್‌ಗೆ ದಾಟಿದ್ರೆ ಸಾಕು."

"ಎರಡು ಔಷಧ ಒಗ್ಗದಿರೋ ಮಗು ಬಂದ್ರೆ ಸಾಯ್ಲಿ ಅಂತಾನಾ ಸರ್? ಕೋಡಲ್ಲಿ ಒಂದು ಸ್ಟಾರ್ ಗುರುತು ಹಾಕಿದ್ರೆ ಬಂದಿದ್ದೆಲ್ಲಾ ಹಾಗ್‌ಹಾಗೇ ಪೇರೆಂಟ್‌ಗೆ ಹೋಗುತ್ತೆ. ಒಂದೇ ಒಂದು ಸ್ಟಾರ್! ಮತ್ತೆ ಆ ನರ್ಸ್ ಗತಿ?"

"ಅದನ್ನ ಆಸ್ಪತ್ರೆಗೆ ನಾನೇ ಫೋನ್ ಮಾಡಿ ಹೇಳ್ತೀನಿ. ನೀನು ತಲೆ ಕೆಡಿಸ್ಕೋಬೇಡ."

ಅವಳು ಸ್ಟಾರ್ ಹಾಕಿದಳು. ಅವರು ಫೋನ್ ಮಾಡಲಿಲ್ಲ. ಹೇಡಿ! ಗುರುವಾರ, ನರ್ಸಿನ ವಿಚಾರಣೆ ಇವತ್ತೇ ಅಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸಿಡುಕಿ ನನ್ನ ಕೈ ಹಿಡಿದೆಳೆದುಕೊಂಡು ಆಸ್ಪತ್ರೆಯ ವಿಚಾರಣೆ ಕೋಣೆಗೇ ನುಗ್ಗಿದಳು. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಕುಕ್ಕಿ, ಹಳೆಯ ಕೋಡಿನಲ್ಲಿ ಎಚ್ಚರಿಕೆ ಟೈಪ್ ಮಾಡಿ ತೋರಿಸಿದಳು. ಚೀಟಿಯಲ್ಲಿ ಅದು ಇಲ್ಲ. ಸ್ಟಾರ್ ಹಾಕಿದ್ದರಲ್ಲಿ ತೋರಿಸಿದಳು. ಇದೆ.

"ತಪ್ಪು ನಮ್ದು. ಇವ್ರದ್ದಲ್ಲ."

ವಿಚಾರಣೆ ನಡೆಸುತ್ತಿದ್ದ ಹಿರಿಯ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ನರ್ಸಿನ ಕಣ್ಣಲ್ಲಿ ನೀರು ಬರಬಹುದು, ಸಿಡುಕಿಯ ಕೈ ಹಿಡಿದುಕೊಳ್ಳಬಹುದು ಎಂದೆಲ್ಲ ನಾನು ಎಣಿಸಿದ್ದೆ. ಅವಳು ಕೂತಲ್ಲಿಂದ ಏಳಲಿಲ್ಲ.

"ನಿಮ್ಗೆ ಯಾವತ್ತು ಗೊತ್ತಾಯ್ತು?"

"ಸೋಮವಾರ" ಎಂದಳು ಸಿಡುಕಿ.

"ಮಂಗಳವಾರ ಆ ಮಗುವಿನ ತಾಯಿ ನಮ್ಮನೆ ಬಾಗಿಲಿಗೆ ಬಂದು ನನ್ನನ್ನ ಕೊಲೆಗಡುಕಿ ಅಂದ್ರು. ನನ್ನ ಮಗಳು ಅಲ್ಲೇ ನಿಂತಿದ್ಲು. ಈಗ ಅವಳಿಗೆ ಜ್ವರ. ನನ್ನ ಕೈಯಿಂದ ಮಾತ್ರೆ ತಗೊಳ್ಳೋಕೆ ಹೆದರ್ತಾಳೆ."