ದ್ಯಾಮಮ್ಮ ಎರಡು ಸಲ ಹೇಳಿದ ಪದ

ದ್ಯಾಮಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಜಟ್ಟಪ್ಪ ಬೇಲಿ ದಾಟಿ ಬಂದ. ಅವನ ಮುಖ ನೋಡಿ ಅವಳು ಮೊರ ಕೆಳಗಿಟ್ಟಳು.

“ಯಾವಾಗಿಂದ?”

“ಕೋಳಿ ಕೂಗೋ ಹೊತ್ತಿಂದ ನೋವು ಬರಾಕ ಹತ್ತೇತಿ ದ್ಯಾಮಕ್ಕ.”

ತೊಗರ್ಸಿ ಸುತ್ತಿನ ನಾಲ್ಕು ಹಳ್ಳಿಗೆ ದ್ಯಾಮಮ್ಮನೇ ಸೂಲಗಿತ್ತಿ. ೧೯೫೮ರ ಆ ಚಳಿಗಾಲದ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದಳು. ಜಟ್ಟಪ್ಪನ ಮಗಳು ಹೂವಮ್ಮನನ್ನು ಸೊರಬದ ಕಡೆಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

ಹೆರಿಗೆ ಕೋಣೆಯಲ್ಲಿ ದ್ಯಾಮಮ್ಮ ಬೀಸುವ ಪದ ಹೇಳುತ್ತಿದ್ದಳು. ಹೆದರಿದ ಹೆಂಗಸು ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುತ್ತಾಳೆ. ಪದ ಕಿವಿಗೆ ಬಿದ್ದರೆ ಉಸಿರು ಅದರ ಹಿಂದೆ ಹೋಗುತ್ತದೆ, ಮೈ ಸಡಿಲಾಗುತ್ತದೆ. ಪದದಿಂದ ಇನ್ನೊಂದು ಉಪಯೋಗವೂ ಇತ್ತು. ಗಡಿಯಾರವಿಲ್ಲದ ಮನೆಗಳಲ್ಲಿ ಒಂದು ನೋವಿಗೂ ಮತ್ತೊಂದಕ್ಕೂ ನಡುವೆ ಮೂರು ಸಾಲಿನ ಎಷ್ಟು ನುಡಿ ಆಯಿತು ಎಂಬುದರ ಮೇಲೆ ಅವಳು ಹೊತ್ತು ಅಳೆಯುತ್ತಿದ್ದಳು.

ನಡುವೆ ಹಾಡು ನಿಲ್ಲಿಸಿದ್ದು ಒಮ್ಮೆ ಮಾತ್ರ. ಒಂಬತ್ತು ವರ್ಷದ ಹಿಂದೆ ಮಾರಪ್ಪನ ಸೊಸೆಯ ಹೆರಿಗೆಯಲ್ಲಿ ರಕ್ತ ಹರಿದದ್ದು ಕಂಡು ಅವಳ ಬಾಯಿ ಕಟ್ಟಿತು. ಸದ್ದಡಗಿದ್ದು ತಿಳಿದ ಸೊಸೆ “ನಾ ಇನ್ನ ಉಳಿಯಂಗಿಲ್ಲ” ಎಂದಳು. ಉಳಿಯಲೂ ಇಲ್ಲ. ಅಂದಿನಿಂದ ಊರವರಿಗೆ ದ್ಯಾಮಮ್ಮನ ಪದ ನಿಂತರೆ ಕೆಟ್ಟಿತೆಂದೇ ಲೆಕ್ಕ. ಹೂವಮ್ಮ ಈ ಮಾತು ಕೇಳಿಕೊಂಡೇ ದೊಡ್ಡವಳಾಗಿದ್ದಳು.

ಮೊದಲು ನಾಲ್ಕು ನುಡಿಗೊಮ್ಮೆ ನೋವು ಬರುತ್ತಿತ್ತು, ಆಮೇಲೆ ಎರಡಕ್ಕೆ. ಬಿಸಿಲು ಹೊಸ್ತಿಲಿಗೆ ಬರುವಾಗ ಅದು ಐದಾಯಿತು. ಮುಂದಿನ ನೋವು ಒಂಬತ್ತನೆಯ ನುಡಿಗೆ ಬಂತು. ನೋವು ಹತ್ತಿರವಾಗುವ ಬದಲು ದೂರವಾಗುತ್ತಿತ್ತು. ನೀರು ಆಗಲೇ ಹೋಗಿತ್ತು, ಮಗು ಇಳಿದಿರಲಿಲ್ಲ.

ಶಿಕಾರಿಪುರದ ಆಸ್ಪತ್ರೆಗೆ ಒಯ್ಯಲೇಬೇಕು. ಬಸ್ಸು ಹನ್ನೊಂದಕ್ಕೆ, ಬಸ್ಸಿನ ರಸ್ತೆ ಎರಡು ಮೈಲಿ. ಆದರೆ ಹೇಳಬೇಕೆಂದರೆ ಹಾಡು ನಿಲ್ಲಿಸಬೇಕು. ಹೂವಮ್ಮನ ಕೈ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದಿತ್ತು.

ದ್ಯಾಮಮ್ಮ ಬೇರೆ ಪದ ಎತ್ತಿದಳು.

ಜೋಡೆತ್ತು ಕಟ್ಟಣ್ಣ ಗಾಡೀಯ ಹೂಡಣ್ಣ
ಕಾಡೀನ ದಾರಿ ಬಲುದೂರ, ತಂಗೀಯ
ಕೂಡ್ಸಣ್ಣ ಬಿಸಿಲು ಏರೋಮುನ್ನ

ಬಾಗಿಲಲ್ಲಿ ಬಿಸಿನೀರು ಹಿಡಿದು ನಿಂತ ಹೂವಮ್ಮನ ತಾಯಿ ವನಜಮ್ಮನಿಗೆ ಅದು ಮೊದಲು ಮಗಳನ್ನು ಗಂಡನ ಮನೆಗೆ ಕಳಿಸುವ ಪದದಂತೆಯೇ ಕೇಳಿಸಿತು. ದ್ಯಾಮಮ್ಮ ಅವಳ ಮುಖವನ್ನೇ ನೋಡುತ್ತಾ ಮತ್ತೆ ಅದನ್ನೇ ಹೇಳಿದಳು. ಒಂದು ಹೆರಿಗೆಯಲ್ಲಿ ಒಂದು ನುಡಿಯನ್ನು ಅವಳು ಎರಡು ಸಲ ಹೇಳಿದವಳಲ್ಲ.

“ಪದ ತೀರಿದ್ವೇನು ದೊಡ್ಡವ್ವ?” ಹೂವಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು. “ವಯಸ್ಸಾತು ನಿಮಗ.”

ವನಜಮ್ಮ ಚೆಂಬು ನೆಲಕ್ಕಿಟ್ಟು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಎತ್ತಿನ ಕೊರಳ ಗಂಟೆ ಕೇಳಿತು.

ಹುಲ್ಲು ಹಾಸಿದ ಗಾಡಿಯಲ್ಲಿ ದ್ಯಾಮಮ್ಮ ಹಾಡುತ್ತಲೇ ಕೂತಳು. ಗಂಟಲು ಒಡೆಯುತ್ತಿತ್ತು. ಒಂದು ನುಡಿ ಅರ್ಧಕ್ಕೆ ನಿಂತಿತು. ಜಟ್ಟಪ್ಪ ಗಾಬರಿಯಿಂದ ತಿರುಗಿ ನೋಡಿದ.

“ಗಾಡಿ ಹೂಡೋ ಪದ ಎರಡನೇ ಸಲ ಬಂತಲ್ಲ, ಆಗ್ಲೇ ನಂಗೂ ತಿಳೀತು” ಎಂದಳು ಹೂವಮ್ಮ. “ಅವ್ವಗ ಹೇಳಿದ್ದು ಅಂತ.”

ದ್ಯಾಮಮ್ಮ ಸೆರಗಿನಿಂದ ಅವಳ ಹಣೆಯ ಬೆವರು ಒರೆಸಿದಳು.

“ತಿಳಿದ್ರೂ ಇರ್ಲಿ. ನಿಲ್ಲಿಸಬ್ಯಾಡ್ರಿ. ನೀವು ಹಾಡಿದ್ರ ಉಸಿರು ಸಿಗತೈತಿ ನಂಗ.”

ಬಸ್ಸಿನ ಸದ್ದಿನಲ್ಲಿ ಪದ ಕೇಳದೆಂದು ದ್ಯಾಮಮ್ಮ ಅವಳ ಕಿವಿಗೆ ಬಾಯಿಟ್ಟು ಹಾಡಿದಳು. ಆಸ್ಪತ್ರೆಯ ಬಾಗಿಲಲ್ಲಿ ನರ್ಸು ದ್ಯಾಮಮ್ಮನನ್ನು ತಡೆದರು.

“ಒಳಗೆ ಬರಬಾರದಮ್ಮ.”

“ಬರಂಗಿಲ್ಲ ತಾಯಿ. ಕಿಟಕಿ ಒಂದು ತೆರೆದಿರ್ಲಿ.”

ನರ್ಸು ಕಿಟಕಿ ಮುಚ್ಚಲಿಲ್ಲ. ದ್ಯಾಮಮ್ಮ ಅದರ ಕೆಳಗೆ ಕುಕ್ಕರಗಾಲಲ್ಲಿ ಕೂತು, ಉಳಿದಷ್ಟು ದನಿಯಲ್ಲಿ ಹೇಳುತ್ತಾ ಹೋದಳು. ಮೂರು ಗಂಟೆಗೆ ಗಂಡು ಮಗು ಅತ್ತಿತು. ಹೂವಮ್ಮ ನೀರು ಕೇಳಿದಳು.

ಮುಂದಿನ ವಾರ ಊರಿನ ರಾಧಮ್ಮನ ಹೆರಿಗೆಗೆ ಕರೆ ಬಂದಾಗ ದ್ಯಾಮಮ್ಮನಿಗೆ ಇನ್ನೂ ದನಿ ಬಂದಿರಲಿಲ್ಲ. ಪದವಿಲ್ಲದ ಹೆರಿಗೆ ಬೇಡವೆಂದು ಮನೆಯವರು ರಾಧಮ್ಮನನ್ನು ನೇರ ಶಿಕಾರಿಪುರಕ್ಕೆ ಕರೆದೊಯ್ದರು.